ಎಸ್‌ಎಸ್‌ಡಿ ಮೇಲೆ ಗೂಬೆ ಕೂರಿಸುವ ಮುನ್ನ

ಅಂಕೋಲಾ ತಾಲೂಕಿನ ಅವರ್ಸಾದಿಂದ ಶಿಕ್ಷಕರೊಬ್ಬರು ಬರೆದಿದ್ದಾರೆ: "ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕ್ಸಿದ್ರೆ ಲ್ಯಾಪ್‌ಟಾಪು ಚಕ್ಕಂತ ಶುರುವಾಗ್ತದೆ ಅಂದ್ರು. ದುಡ್ಡು ಹೋಯ್ತು, ಲ್ಯಾಪ್‌ಟಾಪು ಮಾತ್ರ ಈಗ್ಲೂ ಎರಡು ನಿಮಿಷ ತಗೊಳ್ತದೆ. ಇದು ಡುಪ್ಲಿಕೇಟೋ ಎಂತದೋ?" ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲ ಎಂಬಂತೆ, ಇನ್ನೊಂದು ಸಾಲು ಸೇರಿಸಿದ್ದಾರೆ. ಹಳೆಯ ಹಾರ್ಡ್ ಡಿಸ್ಕನ್ನು ಸುಮ್ಮನೆ ಬಿಸಾಡುವುದೇಕೆಂದು ಡಿವಿಡಿ ಡ್ರೈವ್ ಇದ್ದ ಜಾಗದಲ್ಲಿ ಕೂರಿಸಿದ್ದಾರಂತೆ. ನನ್ನ ಕಿವಿ ನೆಟ್ಟಗಾದದ್ದು ಆ ಸಾಲಿಗೇ.

ಎಸ್‌ಎಸ್‌ಡಿ ವೇಗದ ಬಗ್ಗೆ ಅನುಮಾನ ಬೇಡ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅದರ ಮೇಲೆ ಬೇಕಾದ ಜಾಗ ಹುಡುಕಿ ಹಿಡಿಯಲು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಹೆಚ್ಚೇ ಬೇಕು. ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು. ಆದರೆ ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ವಿಂಡೋಸೂ ಅಲ್ಲ, ಎಸ್‌ಎಸ್‌ಡಿಯೂ ಅಲ್ಲ. ಮದರ್‌ಬೋರ್ಡಿನಲ್ಲಿರುವ ಬಯೋಸ್ ಎದ್ದು, ಜೋಡಿಸಿದ ಒಂದೊಂದು ಸಾಧನವನ್ನೂ ವಿಚಾರಿಸುತ್ತದೆ. ಮುಪ್ಪಾದ ಹಾರ್ಡ್ ಡಿಸ್ಕ್ ಉತ್ತರಿಸಲು ತಡವರಿಸಿದರೆ ಕಾಯುತ್ತದೆ, ಮತ್ತೆ ಕೇಳುತ್ತದೆ, ಮತ್ತೆ ಕಾಯುತ್ತದೆ. ಎಸ್‌ಎಸ್‌ಡಿಯ ಸರದಿ ಇನ್ನೂ ಬಂದೇ ಇರುವುದಿಲ್ಲ.

ಇದನ್ನು ಊಹಿಸಬೇಕಿಲ್ಲ, ಅಳೆಯಬಹುದು. ವಿಂಡೋಸ್ 10ರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟಪ್ ಪುಟಕ್ಕೆ ಹೋಗಿ. ಬಹುತೇಕ ಯಂತ್ರಗಳಲ್ಲಿ ಬಲಮೂಲೆಯಲ್ಲಿ 'ಲಾಸ್ಟ್ ಬಯೋಸ್ ಟೈಮ್' ಎಂದು ಸೆಕೆಂಡುಗಳ ಲೆಕ್ಕ ಕಾಣುತ್ತದೆ. ಅಲ್ಲೇ ಐವತ್ತು ಅರವತ್ತು ಸೆಕೆಂಡು ಕಳೆದಿದ್ದರೆ ವಿಂಡೋಸನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಹಳೇ ಡಿಸ್ಕ್ ಕಳಚಿ ಒಮ್ಮೆ ಶುರು ಮಾಡಿ ನೋಡಿ ಎಂದು ಶಿಕ್ಷಕರಿಗೆ ತಿಳಿಸಿದೆ. ತಡ ಅರ್ಧಕ್ಕಿಂತ ಹೆಚ್ಚು ಇಳಿದಿದೆಯಂತೆ.

ಕಾರವಾರ, ಅಂಕೋಲೆಯವರು ಉಪ್ಪುಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಿಟಕಿಯ ಸರಳು ತಿನ್ನುವ ಗಾಳಿ ಕಂಪ್ಯೂಟರನ್ನು ಬಿಟ್ಟೀತೇ? ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕನೆಕ್ಟರಿನ ಚಿನ್ನದ ಲೇಪ ಬಲು ತೆಳು. ಸವೆದ ಕಡೆ ಒಳಲೋಹಕ್ಕೆ ಕಿಲುಬು ಹತ್ತುತ್ತದೆ. ಆಗ ದತ್ತಾಂಶ ದಾರಿಯಲ್ಲೇ ಕೆಟ್ಟು, ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ 'ಸಿಆರ್‌ಸಿ ಎರರ್' ಎಣಿಕೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೊದಲ ಅನುಮಾನ ಕೇಬಲ್ಲು, ಕನೆಕ್ಟರುಗಳ ಮೇಲಿರಲಿ. ಇಂಥದೇ ಕಿಲುಬು ತೆಗೆಯಲು ಪೆನ್ಸಿಲ್ ರಬ್ಬರಿನಿಂದ ರ್‍ಯಾಮಿನ ಅಂಚು ಉಜ್ಜುವ ರಿಪೇರಿಯವರನ್ನು ಕಂಡು ನಗಬೇಡಿ. ಹಗುರವಾಗಿ ಉಜ್ಜಿದರೆ ಅದು ಒಳ್ಳೆಯ ಮದ್ದೇ.

ನಗಬೇಕಾದದ್ದು ಬೇರೆ ಇದೆ. ಡೆಸ್ಕ್‌ಟಾಪ್ ಕಂಡ ಕೂಡಲೇ ರೈಟ್ ಕ್ಲಿಕ್ ಮಾಡಿ ಟಕಟಕ ರಿಫ್ರೆಶ್ ಒತ್ತುವ ನಮ್ಮ ರಾಷ್ಟ್ರೀಯ ವ್ರತ! ಅದು ಪರದೆಯ ಐಕಾನುಗಳನ್ನು ಹೊಸದಾಗಿ ಬರೆಯುತ್ತದೆ, ಅಷ್ಟೆ. ಕಂಪ್ಯೂಟರಿಗೆ ಅದರಿಂದ ಎಳ್ಳಷ್ಟೂ ಚುರುಕು ಬರುವುದಿಲ್ಲ. ಆಯುಧಪೂಜೆಯ ದಿನ ಯುಎಸ್‌ಬಿ ಕಿಂಡಿಗೇ ಕುಂಕುಮ ಮೆತ್ತುವವರಿಗೆ ಏನು ಹೇಳಲಿ? ಭಕ್ತಿ ಇರಲಿ, ಮುಚ್ಚಳದ ಮೇಲಿರಲಿ.

ಓದಿದವರೂ ನಂಬುವ ಮೂಢನಂಬಿಕೆ ಎಂದರೆ ಶಟ್‌ಡೌನ್. ವಿಂಡೋಸ್ 8 ಬಂದ 2012ರಿಂದ ಶಟ್‌ಡೌನ್ ಮಾಡಿದರೂ ಯಂತ್ರ ಪೂರ್ತಿ ಬರಿದಾಗುವುದಿಲ್ಲ. 'ಫಾಸ್ಟ್ ಸ್ಟಾರ್ಟಪ್' ಚಾಲೂ ಇದ್ದರೆ ವಿಂಡೋಸಿನ ಒಳತಿರುಳು, ಡ್ರೈವರುಗಳ ಸ್ಥಿತಿ ಎಲ್ಲ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೆಯೇ ಮರಳುತ್ತವೆ. ಗೋಜಲೂ ಮರಳುತ್ತದೆ. ದಿನಾ ರಾತ್ರಿ ಆರಿಸುವವರ ಟಾಸ್ಕ್ ಮ್ಯಾನೇಜರಿನಲ್ಲೂ 'ಅಪ್ ಟೈಮ್' ಹತ್ತು ಹದಿನೈದು ದಿನ ತೋರಿಸುವುದು ಇದಕ್ಕೇ. ಪೂರ್ತಿ ಹೊಸದಾಗಿ ಏಳಬೇಕೆಂದರೆ ಒತ್ತಬೇಕಾದ್ದು ರೀಸ್ಟಾರ್ಟ್. ಹಾರ್ಡ್ ಡಿಸ್ಕಿನ ಕಾಲಕ್ಕೆ ಫಾಸ್ಟ್ ಸ್ಟಾರ್ಟಪ್ ವರವೇ ಆಗಿತ್ತು. ಎಸ್‌ಎಸ್‌ಡಿ ಇದ್ದವರಿಗೆ ಉಳಿಯುವುದು ಕೆಲವೇ ಸೆಕೆಂಡು. ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿಟ್ಟರೂ ನಷ್ಟವಿಲ್ಲ.

ಹಾಗಾದರೆ ಎಸ್‌ಎಸ್‌ಡಿಯದು ತಪ್ಪೇ ಇರುವುದಿಲ್ಲವೇ? ಒಮ್ಮೊಮ್ಮೆ ಇರುತ್ತದೆ, ಮತ್ತು ಆ ತಪ್ಪು ಬಹಳ ಸೊಗಸಾದದ್ದು.

1967ರಲ್ಲಿ ಬೆಲ್ ಲ್ಯಾಬ್ಸ್‌ನ ಡಾವೋನ್ ಕಾಂಗ್ ಮತ್ತು ಸೈಮನ್ ಝೀ, ಸುತ್ತಲೂ ವಿದ್ಯುತ್ ನಿರೋಧಕ ಕಟ್ಟಿದ ಪುಟ್ಟ ಕೋಶದಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಟ್ರಾನ್ಸಿಸ್ಟರ್ ರೂಪಿಸಿದರು. 1980ರ ದಶಕದಲ್ಲಿ ತೋಶಿಬಾದ ಫುಜಿಯೋ ಮಸುವೋಕಾ ಅದೇ ತತ್ವದಿಂದ, ಈಗ ಎಸ್‌ಎಸ್‌ಡಿಗಳಲ್ಲಿರುವ ಫ್ಲ್ಯಾಶ್ ಮೆಮೊರಿ ಕಟ್ಟಿದರು. ಆ ಕೋಶಕ್ಕೆ ಒಂದು ಕಿಂಡಿಯೂ ಇಲ್ಲ. ವೋಲ್ಟೇಜ್ ಏರಿಸಿದಾಗ ಎಲೆಕ್ಟ್ರಾನುಗಳು ಗೋಡೆಯನ್ನೇ ಹಾದು ಒಳಗೆ ಬರುತ್ತವೆ. ಕ್ವಾಂಟಮ್ ಲೋಕದಲ್ಲಿ ಮಾತ್ರ ಸಾಧ್ಯವಾದ ಈ ಕಳ್ಳದಾರಿ, ನೀವು ಒಂದು ಫೋಟೋ ಉಳಿಸಿದಾಗೆಲ್ಲ ಕೋಟಿಗಟ್ಟಲೆ ಸಲ ನಡೆಯುತ್ತದೆ. ಈಗಿನ ಚಿಪ್ಪುಗಳಲ್ಲಿ ಕೋಶದ ರಚನೆ ಬದಲಾಗಿದೆ, ತತ್ವ ಅದೇ.

ಮೊದಮೊದಲು ಕೋಶ ತುಂಬಿದೆಯೋ ಖಾಲಿಯೋ ಎಂದಷ್ಟೇ ನೋಡುತ್ತಿದ್ದರು. ಅಗ್ಗವಾಗಲಿ ಎಂದು ಈಗ ಒಂದೇ ಕೋಶದಲ್ಲಿ ಮೂರು ಬಿಟ್ ತುರುಕುತ್ತಾರೆ. ಅದಕ್ಕೆ ಎಂಟು ಮಟ್ಟ ಬೇಕು. ಒಳಗೆ ಎಂಟು ಗೆರೆ ಎಳೆದ ಕೊಡಪಾನ ಎಂದುಕೊಳ್ಳಿ. ಐದನೇ ಗೆರೆಗೆ ನೀರು ತುಂಬಿಸಿಟ್ಟಿರಿ, ತಿಂಗಳುಗಟ್ಟಲೆ ಅದು ಆರುತ್ತಾ ಹೋಯಿತು. ಈಗ ಓದುವವನಿಗೆ ಇದು ಐದೋ ನಾಲ್ಕೋ ಎಂಬ ಗೊಂದಲ. ಎಸ್‌ಎಸ್‌ಡಿಯ ಕಂಟ್ರೋಲರಿಗೂ ಇದೇ ಫಜೀತಿ. ಅದು ಒಮ್ಮೆ ಓದಿ, ತಾಳೆ ಬೀಳದಿದ್ದರೆ ಅಳತೆಯನ್ನು ತುಸು ಸರಿಸಿ ಮತ್ತೆ ಓದುತ್ತದೆ. ಉತ್ತರ ಸರಿಯೇ ಬರುತ್ತದೆ, ತಡವಾಗಿ ಬರುತ್ತದೆ.

2014ರಲ್ಲಿ ಸ್ಯಾಮ್‌ಸಂಗ್‌ನ 840 ಇವೊ ಡ್ರೈವಿನಲ್ಲಿ ಆದದ್ದು ಇದೇ. ಹೊಸದಾಗಿ ಬರೆದ ಫೈಲು ಸೆಕೆಂಡಿಗೆ ಸುಮಾರು 500 ಮೆಗಾಬೈಟ್ ವೇಗದಲ್ಲಿ ಓಡುತ್ತಿತ್ತು. ತಿಂಗಳುಗಟ್ಟಲೆ ಮುಟ್ಟದ ಫೈಲು ತೆವಳುತ್ತಿತ್ತು. ಒಮ್ಮೆ ಬರೆದಿಟ್ಟು ಆಮೇಲೆ ಬರೀ ಓದುವ ಫೈಲುಗಳಾದರೂ ಯಾವುವು? ವಿಂಡೋಸಿನವೇ, ಬೆಳಿಗ್ಗೆ ಎದ್ದೊಡನೆ ಬೇಕಾದವೇ! 2015ರಲ್ಲಿ ಬಂದ ಫರ್ಮ್‌ವೇರ್, ಅಂದರೆ ಡ್ರೈವಿನೊಳಗಿನ ಹೊಸ ತಂತ್ರಾಂಶ, ಕೆಲಸವಿಲ್ಲದ ಹೊತ್ತಿನಲ್ಲಿ ಡ್ರೈವು ತನ್ನ ಹಳೆಯ ದತ್ತಾಂಶವನ್ನು ತಾನೇ ಹೊಸದಾಗಿ ಬರೆದುಕೊಳ್ಳುವಂತೆ ಮಾಡಿತು. ಆದ್ದರಿಂದ ತಡಕ್ಕೆ ಬೇರೆ ಕಾರಣಗಳನ್ನೆಲ್ಲ ಹುಡುಕಿ ಆದಮೇಲೆ ತಯಾರಕರ ಹೊಸ ಫರ್ಮ್‌ವೇರ್ ಬಂದಿದೆಯೇ ನೋಡಿ. ಹಾಕುವ ಮೊದಲು ಫೈಲುಗಳ ನಕಲು ಇಟ್ಟುಕೊಳ್ಳಿ. ನಡುವೆ ಕರೆಂಟು ಕೈಕೊಡುವ ಜೋರು ಮಳೆಯ ದಿನ ಈ ಸಾಹಸ ಬೇಡ.

ಈ ಮರುಬರಹಕ್ಕೆ ವಿದ್ಯುತ್ ಬೇಕು. ಕಪಾಟಿನಲ್ಲಿ ಮಲಗಿದ ಎಸ್‌ಎಸ್‌ಡಿಗೆ ಅದಿಲ್ಲ. ಬರೆಯುವ ಆಯುಸ್ಸು ಪೂರ್ತಿ ಸವೆದ ಡ್ರೈವು, ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ದತ್ತಾಂಶ ಉಳಿಸಿಕೊಂಡರೆ ಸಾಕು ಎನ್ನುತ್ತದೆ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸ ಡ್ರೈವು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ, ನಿಜ. ಆದರೆ ಸೆಕೆ ಏರಿದಷ್ಟೂ ಸೋರಿಕೆ ಹೆಚ್ಚು, ಅಂಕೋಲೆಯ ಮೇ ತಿಂಗಳು 30 ಡಿಗ್ರಿಗೆ ನಿಲ್ಲುವುದಿಲ್ಲ. ಮಗಳ ಮದುವೆಯ ಫೋಟೋಗಳನ್ನು ಹಳೇ ಎಸ್‌ಎಸ್‌ಡಿಗೆ ತುಂಬಿ ಗೋದ್ರೇಜ್ ಬೀರುವಿನಲ್ಲಿ ಬೀಗ ಹಾಕಿಡುವ ಯೋಚನೆ ಇದ್ದವರಿಗೆ, ಆರೋಗ್ಯವಾಗಿರುವ ಹಾರ್ಡ್ ಡಿಸ್ಕೇ ವಾಸಿ.