ಮೇಲಂಗಿಯೊಳಗಿಂದ ಹೊರಬಂದವರು

ರಷ್ಯನ್ ಕಥನ ಸಾಹಿತ್ಯದ ಪ್ರಸ್ತಾಪ ಬಂದಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ. ಅಲ್ಲಿನ ಲೇಖಕರೆಲ್ಲರೂ ಗೊಗೊಲನ ‘ಮೇಲಂಗಿ’ಯೊಳಗಿಂದ ಹೊರಬಂದವರು ಎಂದು. ಇದನ್ನು ದಾಸ್ತಯೇವ್‌ಸ್ಕಿಯ ಹೆಸರಿಗೆ ಹಚ್ಚುವುದು ವಾಡಿಕೆ. ಆದರೆ ಅದು ಪ್ರಚಾರಕ್ಕೆ ಬಂದದ್ದು 1880ರ ದಶಕದಲ್ಲಿ ರಷ್ಯನ್ ಕಾದಂಬರಿಯನ್ನು ಫ್ರೆಂಚ್ ಓದುಗರಿಗೆ ಪರಿಚಯ ಮಾಡಿಕೊಟ್ಟ ದ ವೋಗ್ಯೂಎ ಎಂಬ ವಿಮರ್ಶಕನಿಂದ. ಅವನಾದರೂ ಆಡಿದವರ ಹೆಸರನ್ನು ಹೇಳಲಿಲ್ಲ. ಮಾತು ಯಾರದೇ ಇರಲಿ, ನನಗೆ ಅದು ತೀರ ಸಲೀಸಾದುದಾಗಿ ಕಾಣುತ್ತದೆ. ಪ್ರಭಾವವೆಂದರೆ ನಾವು ಸಾಮಾನ್ಯವಾಗಿ ಅನುಕರಣೆಯನ್ನೋ ಋಣವನ್ನೋ ನೆನೆಯುತ್ತೇವೆ. ರಷ್ಯನ್ನರಲ್ಲಿ ಅದು ಜಗಳದ ರೂಪದಲ್ಲಿಯೂ ನಡೆಯಿತು. ಆ ಜಗಳದ ಒಂದು ಎಳೆಯನ್ನಷ್ಟೇ ಇಲ್ಲಿ ಹಿಡಿಯುತ್ತೇನೆ.

‘ಮೇಲಂಗಿ’ ಪ್ರಕಟವಾದದ್ದು 1842ರಲ್ಲಿ. ಅದರ ನಾಯಕ ಅಕಾಕಿ ಅಕಾಕಿಯೆವಿಚ್ ಪೀಟರ್ಸ್‌ಬರ್ಗಿನ ಕಚೇರಿಯೊಂದರಲ್ಲಿ ಕಾಗದಪತ್ರಗಳನ್ನು ನಕಲು ಮಾಡುವ ಗುಮಾಸ್ತ. ಪೀಟರ್ ಚಕ್ರವರ್ತಿಯು 1722ರಲ್ಲಿ ಜಾರಿಗೆ ತಂದ 14 ದರ್ಜೆಗಳ ಅಧಿಕಾರಶ್ರೇಣಿಯಲ್ಲಿ ಅವನದು 9ನೆಯ ದರ್ಜೆ. ವರ್ಷಕ್ಕೆ ಸುಮಾರು 400 ರೂಬಲ್ ಸಂಬಳ. ಹೊಸ ಮೇಲಂಗಿಗೆ ಬೇಕಾದದ್ದು 80 ರೂಬಲ್. ಅದಕ್ಕಾಗಿ ಅವನು ಸಂಜೆಯ ಚಹಾ ಬಿಡುತ್ತಾನೆ, ಮೇಣದಬತ್ತಿ ಹಚ್ಚುವುದನ್ನು ಬಿಡುತ್ತಾನೆ, ಜೋಡಿನ ಅಟ್ಟೆ ಸವೆಯದಿರಲೆಂದು ತುದಿಗಾಲಿನಲ್ಲಿ ನಡೆಯುತ್ತಾನೆ. ನಮ್ಮ ಹವೆಯಲ್ಲಿ ಮೇಲಂಗಿಯೆಂದರೆ ಶೋಕಿಯ ವಸ್ತುವೆನಿಸೀತು. ಅಲ್ಲಿನ ಚಳಿಯಲ್ಲಿ ಅದು ಪ್ರಾಣದ ಪ್ರಶ್ನೆ. ಮಳೆಗಾಲದ ಮಲೆನಾಡಿನ ಕೂಲಿಯವನಿಗೆ ಕಂಬಳಿ ಇದ್ದ ಹಾಗೆ. ಅಂಗಿ ತೊಟ್ಟ ಮೊದಲ ದಿನದ ರಾತ್ರಿಯೇ ಕಳ್ಳರು ಅದನ್ನು ಕಿತ್ತುಕೊಳ್ಳುತ್ತಾರೆ. ದೂರು ಹೇಳಲು ಹೋದ ಅಕಾಕಿಯನ್ನು ಜನರಲ್ ದರ್ಜೆಯ ದೊಡ್ಡ ಅಧಿಕಾರಿಯೊಬ್ಬ ಗದರಿಸಿ ಕಳುಹುತ್ತಾನೆ. ಅವನು ಜ್ವರ ಹಿಡಿದು ಸಾಯುತ್ತಾನೆ. ಆಮೇಲೆ ಅವನ ಪ್ರೇತ ದಾರಿಹೋಕರ ಮೇಲಂಗಿಗಳನ್ನು ಕಸಿಯುತ್ತ ತಿರುಗುತ್ತದೆ.

ನಾಲ್ಕು ವರ್ಷಗಳ ಬಳಿಕ, 1846ರಲ್ಲಿ, ದಾಸ್ತಯೇವ್‌ಸ್ಕಿಯ ಮೊದಲ ಕಾದಂಬರಿ ‘ಬಡವರು’ ಬೆಳಕು ಕಂಡಿತು. ಇದು ಪತ್ರರೂಪದ ಕೃತಿ. ಇದರ ನಾಯಕ ಮಕಾರ್ ದೇವುಷ್ಕಿನ್ ಕೂಡ ನಕಲು ಗುಮಾಸ್ತನೇ. ವಾರ್ವಾರಾ ಎಂಬ ಅನಾಥ ತರುಣಿಗೆ ಅವನು ಪತ್ರ ಬರೆಯುತ್ತಾನೆ, ಅವಳು ಅವನಿಗೆ ಪುಸ್ತಕಗಳನ್ನು ಕಳಿಸಿಕೊಡುತ್ತಾಳೆ. ಮೊದಲು ಬಂದದ್ದು ಪುಷ್ಕಿನ್ 1831ರಲ್ಲಿ ಪ್ರಕಟಿಸಿದ ಬೆಲ್ಕಿನ್‌ನ ಕಥೆಗಳು. ಅದರಲ್ಲಿ ಅಂಚೆಗಾಡಿಯ ಕುದುರೆಗಳನ್ನು ಬದಲಿಸುವ ಠಾಣೆಯ ಮೇಲ್ವಿಚಾರಕನೊಬ್ಬನ ಕಥೆಯಿದೆ. ದರ್ಜೆಯಲ್ಲಿ ಅವನು ಕಟ್ಟಕಡೆಯವನು, 14ನೆಯವನು. ಮಗಳನ್ನು ಸೈನ್ಯದ ಅಧಿಕಾರಿ ಕರೆದೊಯ್ಯುತ್ತಾನೆ. ಮುದುಕ ಕುಡಿದು ಕುಡಿದು ಸಾಯುತ್ತಾನೆ. ದೇವುಷ್ಕಿನ್ ಇದನ್ನು ಓದಿ ಕರಗಿಹೋಗುತ್ತಾನೆ. ತನ್ನ ಹೃದಯವನ್ನೇ ಯಾರೋ ಬಿಡಿಸಿ ತೋರಿದಂತೆ ಅವನಿಗೆ ಆನಂದವಾಗುತ್ತದೆ.

ಅನಂತರ ಬಂದದ್ದು ‘ಮೇಲಂಗಿ’. ಅದನ್ನು ಓದಿ ಅವನಿಗೆ ಸಿಟ್ಟು ಬರುತ್ತದೆ. ತಾನು ಚಹಾ ಬಿಟ್ಟದ್ದು, ಜೋಡು ಉಳಿಯಲೆಂದು ತುದಿಗಾಲಿನಲ್ಲಿ ನಡೆದದ್ದು, ಎಲ್ಲವನ್ನೂ ಯಾರೋ ಕದ್ದು ನೋಡಿ ಬೀದಿಗೆ ಹಾಕಿದರಲ್ಲ ಎಂಬ ನಾಚಿಕೆ! ಬಡವನಿಗೆ ಉಳಿದಿರುವುದು ಮರೆಯೊಂದೇ; ಅದನ್ನೂ ಲೇಖಕ ಹರಿದುಹಾಕಿದನೆಂಬುದು ಅವನ ಆಕ್ಷೇಪ. ಬರೆಯಲೇಬೇಕಾಗಿದ್ದರೆ ಕೊನೆಯನ್ನಾದರೂ ತಿದ್ದಬಾರದಿತ್ತೆ? ಮೇಲಂಗಿ ಸಿಕ್ಕಿತೆಂದು, ಜನರಲ್ ಇವನ ಗುಣವನ್ನರಿತು ಬಡ್ತಿ ಕೊಟ್ಟನೆಂದು ಬರೆಯಬಹುದಿತ್ತಲ್ಲ ಎಂದು ಅವನು ಕೇಳುತ್ತಾನೆ.

ವಿಮರ್ಶಕರು ಇದನ್ನು ಒಬ್ಬ ಮುಗ್ಧ ಓದುಗನ ತಪ್ಪು ಓದೆಂದು ಬದಿಗೆ ಸರಿಸುವುದುಂಟು. ನಾನು ಹಾಗೆ ಮಾಡಲಾರೆ. ದೀನರ ಬದುಕನ್ನು ಚಿತ್ರಿಸುವ ಲೇಖಕನ ಮುಂದೆ ಚಿತ್ರಿತನಾದವನೇ ಎದ್ದು ನಿಂತು, ಇದಕ್ಕೆ ನನ್ನ ಒಪ್ಪಿಗೆ ಪಡೆದೆಯಾ ಎಂದು ಕೇಳಿದರೆ ಉತ್ತರವೇನು? ಗೊಗೊಲನಲ್ಲಿ ಕರುಣೆ ಇಲ್ಲವೆಂದಲ್ಲ. ಅಕಾಕಿಯನ್ನು ಗೇಲಿ ಮಾಡುತ್ತಿದ್ದ ತರುಣನೊಬ್ಬ ಅವನ ದೈನ್ಯದ ದನಿಯನ್ನು ಕೇಳಿ ಬೆಚ್ಚಿ, ಬಾಳಿಡೀ ಅದನ್ನು ಮರೆಯಲಾರದೆ ಹೋಗುವ ಭಾಗ ಆ ಕಥೆಯಲ್ಲಿಯೇ ಇದೆ. ಆದರೆ ಆ ಕರುಣೆ ನೋಡುವವನದು. ಪುಷ್ಕಿನನ ಮುದುಕ ತನ್ನ ದುಃಖವನ್ನು ತಾನೇ ಹೇಳಿಕೊಳ್ಳುತ್ತಾನೆ; ಅಕಾಕಿಗೆ ಮಾತೇ ಬಾರದು, ತೊದಲು ಮಾತ್ರ. ದಾಸ್ತಯೇವ್‌ಸ್ಕಿ ಮಾಡಿದ ಕ್ರಾಂತಿಯೆಂದರೆ ಆ ಗುಮಾಸ್ತನ ಕೈಗೇ ಲೇಖನಿಯನ್ನು ಕೊಟ್ಟದ್ದು.

ಇನ್ನೊಂದು ವಿಶೇಷ. ದೇವುಷ್ಕಿನ್ ಬೇಡಿದ ಜನರಲ್‌ನನ್ನು ಕಾದಂಬರಿಕಾರ ನಿಜವಾಗಿ ಕೊಟ್ಟೇಬಿಡುತ್ತಾನೆ. ಮೇಲಧಿಕಾರಿಯ ಎದುರು ನಿಂತಾಗ ಇವನ ಅಂಗಿಯ ಗುಂಡಿ ಕಿತ್ತು ನೆಲದ ಮೇಲೆ ಉರುಳುತ್ತದೆ. ಅಧಿಕಾರಿ ಮರುಗಿ 100 ರೂಬಲ್ ಕೊಟ್ಟು ಕೈ ಕುಲುಕುತ್ತಾನೆ. ದೇವುಷ್ಕಿನನಿಗೆ ಹಣಕ್ಕಿಂತ ಆ ಕೈ ದೊಡ್ಡದು. ಆದರೂ ವಾರ್ವಾರಾ ಒಬ್ಬ ಜಮೀನುದಾರನನ್ನು ಮದುವೆಯಾಗಿ ದೂರದ ಬಯಲುಸೀಮೆಗೆ ಹೊರಟುಹೋಗುತ್ತಾಳೆ. ಜನರಲ್ ಒಳ್ಳೆಯವನಾದ ಮಾತ್ರಕ್ಕೆ ಬಡವನ ಕಥೆ ಬದಲಾಗಲಿಲ್ಲ.

ಜಗಳ ಅಲ್ಲಿಗೇ ಮುಗಿಯಲಿಲ್ಲ. 1883ರಲ್ಲಿ ಚೆಕಾಫ್ ಒಂದು ಪುಟ್ಟ ಕಥೆ ಬರೆದ, ‘ಗುಮಾಸ್ತನ ಸಾವು’. ನಾಟಕಶಾಲೆಯಲ್ಲಿ ಸೀನಿದ ಗುಮಾಸ್ತನ ತುಂತುರು ಮುಂದೆ ಕುಳಿತ ಜನರಲ್‌ನ ಮೇಲೆ ಬೀಳುತ್ತದೆ. ಜನರಲ್ ಪರವಾಗಿಲ್ಲವೆನ್ನುತ್ತಾನೆ. ಗುಮಾಸ್ತ ಬಿಡುವುದಿಲ್ಲ, ಮತ್ತೆ ಮತ್ತೆ ಹೋಗಿ ಕ್ಷಮೆ ಕೇಳುತ್ತಾನೆ. ಕೊನೆಗೆ ಜನರಲ್ ರೇಗಿ ಹೊರಗಟ್ಟುತ್ತಾನೆ. ಇವನು ಮನೆಗೆ ಬಂದು, ಸಮವಸ್ತ್ರವನ್ನೂ ಕಳಚದೆ ಮಲಗಿ, ಸಾಯುತ್ತಾನೆ. ಚೆಕಾಫ್‌ಗೆ ಇಲ್ಲಿ ಗುಮಾಸ್ತನ ಮೇಲೆ ಕನಿಕರ ಕಡಮೆ. ಮೇಲಿನವರು ತುಳಿಯುವುದು ಸರಿ, ತುಳಿಸಿಕೊಳ್ಳುವ ಚಟ ಯಾರದು ಎಂದು ಅವನು ಕೇಳಿದಂತಿದೆ. ನನ್ನ ಮಟ್ಟಿಗೆ ಇದು ಸ್ವಲ್ಪ ನಿಷ್ಠುರವಾಯಿತು. ಆ ಭಯವನ್ನು ನೆಟ್ಟವರಾರೆಂಬುದನ್ನೂ ಕೇಳಬೇಕಲ್ಲ!

ನಮ್ಮ ಪೀಳಿಗೆಯ ಅನೇಕರಿಗೆ ಈ ಸರಣಿ ದೊರೆತದ್ದು ಹಿಂದುಮುಂದಾಗಿ. ಕಾನ್ಸ್‌ಟನ್ಸ್ ಗಾರ್ನೆಟ್ ಎಂಬ ಇಂಗ್ಲಿಷ್ ಮಹಿಳೆಯ ಅನುವಾದಗಳಲ್ಲಿ ಚೆಕಾಫ್ ಮೊದಲು ಕೈಗೆ ಬಂದ. ನಿರಂಜನರ ಅನುವಾದದಲ್ಲಿ ಗಾರ್ಕಿಯ ‘ತಾಯಿ’, ದೇ. ಜವರೇಗೌಡರ ಅನುವಾದಗಳಲ್ಲಿ ಟಾಲ್‌ಸ್ಟಾಯ್ ಕನ್ನಡಕ್ಕೆ ಬಂದರು. ಗೊಗೊಲನನ್ನು ನಾನು ಓದಿದ್ದು ಆಮೇಲೆ, ಪುಷ್ಕಿನನ ಗದ್ಯವನ್ನು ಇನ್ನೂ ಆಮೇಲೆ. ಮೊಮ್ಮಗನನ್ನು ಕಂಡ ಮೇಲೆ ಅಜ್ಜನ ಗುರುತು ಹಿಡಿದಂತಾಯಿತು. ಈಗಿನ ಓದುಗರು ಬೇಕಾದರೆ ಕ್ರಮವಾಗಿಯೇ ಓದಬಹುದು. ಪುಷ್ಕಿನ್, ಗೊಗೊಲ್, ಚೆಕಾಫ್ ಮೂವರ ಈ ಕಥೆಗಳು ಸೇರಿ ಒಂದು ಸಂಜೆಯ ಓದು. ನಡುವೆ ದೇವುಷ್ಕಿನನ ಪತ್ರಗಳಿಗೆ ಇನ್ನೆರಡು ಸಂಜೆ ಬೇಕಾದಾವು.