ನಿಮಗಿದು ಗೊತ್ತೇ? ಚಹಾದ ಸೀಮೆಯಲ್ಲೊಂದು ಲೋಟ ಕಾಫಿ!

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದೂ ತಾಲೂಕಿನಲ್ಲಿ ಯಾರ ಮನೆಗೆ ಹೋದರೂ ಮೊದಲ ಮಾತು ಒಂದೇ: 'ಬರ್ರಿ, ಚಹಾ ಕುಡೀರಿ!' ಆದರೆ ಇಡೀ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ನಮ್ಮದೇ ಕರ್ನಾಟಕದಲ್ಲಿ. ಅದರಲ್ಲೂ ಕೊಡಗು, ಚಿಕ್ಕಮಗಳೂರು, ಹಾಸನ ಎಂಬ ಮೂರು ಜಿಲ್ಲೆಗಳಲ್ಲಿ!

ಅದನ್ನು ಕೊಳ್ಳುವವರು ಯಾರು ಗೊತ್ತೇ? ಭಾರತದ ಕಾಫಿಗೆ ಹೊರದೇಶದ ಅತಿ ದೊಡ್ಡ ಗಿರಾಕಿ ಇಟಲಿ. ನಾವು ಬಾಯಿ ಬಿಟ್ಟು ನೋಡುವ ಆ ಎಸ್‌ಪ್ರೆಸೊ ಇದೆಯಲ್ಲ, ಅದರ ಮೇಲಿನ ಕಂದು ನೊರೆ ಗಟ್ಟಿಯಾಗಿ ನಿಲ್ಲಲಿ ಎಂದೇ ಅವರು ನಮ್ಮ ರೊಬಸ್ಟಾ ಎಂಬ ಜಾತಿಯ ಕಾಫಿ ಬೀಜ ಬೆರೆಸುತ್ತಾರೆ!

ಇಂಗ್ಲಿಷಿನವರು ಕಾಫಿ ಬೀಜವನ್ನು 'ಬೀನ್ಸ್' ಎನ್ನುತ್ತಾರೆ. ಅದು ಅವರೆ, ಹುರಳಿಗಳ ಜಾತಿಯೇ ಅಲ್ಲ! ಕೆಂಪು ಹಣ್ಣಿನೊಳಗಿನ ಬೀಜ ಅದು. ಅಂಗಳದಲ್ಲಿ ಕೆಂಪಗೆ ಗೊಂಚಲು ಗೊಂಚಲಾಗಿ ಹೂ ಬಿಡುವ ಇಕ್ಸೋರಾ ಗಿಡವೇ ಕಾಫಿಯ ದಾಯಾದಿ.

ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ. ಎದುರುಬದುರಾಗಿ ಒತ್ತಿಕೊಂಡು ಬೆಳೆಯುವುದರಿಂದ ಒಂದು ಬದಿ ಚಪ್ಪಟೆ. ಕೆಲವೇ ಹಣ್ಣುಗಳಲ್ಲಿ ಒಂದೇ ಬೀಜ ಉಳಿದು, ಬಟಾಣಿಯಂತೆ ದುಂಡಗಾಗುತ್ತದೆ. ಅದನ್ನು ಆರಿಸಿ ಬೇರೆ ಇಟ್ಟು 'ಪೀಬೆರಿ' ಎಂದು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಪೊಟ್ಟಣದ ಮೇಲೆ 'ಪಿಬಿ' ಎಂದು ಕಂಡರೆ ಅದು ಇದೇ!

ಆರೇಬಿಕಾ ಮೇಲು, ರೊಬಸ್ಟಾ ಕೀಳು ಎಂದು ಅಂಗಡಿಯವರು ಹೇಳಿರಬಹುದು. ಆದರೆ ಆರೇಬಿಕಾಕ್ಕೆ ರೊಬಸ್ಟಾವೇ ಅಪ್ಪ! ಎಷ್ಟೋ ಸಾವಿರ ವರ್ಷಗಳ ಹಿಂದೆ ಆಫ್ರಿಕಾದ ಕಾಡಿನಲ್ಲಿ ರೊಬಸ್ಟಾವೂ ಯುಜೆನಿಯಾಯ್ಡಿಸ್ ಎಂಬ ಇನ್ನೊಂದು ಕಾಫಿ ಗಿಡವೂ ತಾವಾಗಿಯೇ ಕೂಡಿದವು. ಆರೇಬಿಕಾ ಬಂತು. ಅಪ್ಪನಲ್ಲಿ 22 ವರ್ಣತಂತು, ಮಗಳಲ್ಲಿ 44!

ಕಸುವಿನಲ್ಲಿ ಮಾತ್ರ ಅಪ್ಪನೇ ಮುಂದು. ರೊಬಸ್ಟಾದಲ್ಲಿ ಕೆಫೀನ್ ಆರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು. ರಾತ್ರಿ ಪಾಳಿಯಲ್ಲಿ ಕಬ್ಬಿಗೆ ನೀರು ಹಾಯಿಸಲು ಹೋಗುವವರಿಗೆ ಯಾವುದು ಬೇಕು ಎಂದು ಬೇರೆ ಹೇಳಬೇಕೆ?

ಬಾಬಾ ಬುಡನ್ ಯೆಮೆನ್‌ನಿಂದ 7 ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಕಥೆ ನಿಮಗೆ ಗೊತ್ತೇ ಇದೆ. ಇದು ಗೊತ್ತೇ? ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲೇ ಕಾಫಿಗೆಂದೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಹುಟ್ಟಿದ 'ಎಸ್. 795' ಎಂಬ ತಳಿ ಸಮುದ್ರ ದಾಟಿ ಇಂಡೋನೇಷ್ಯಾಕ್ಕೆ ಹೋಯಿತು. ಅಲ್ಲಿ ಅದಕ್ಕೆ 'ಜೆಂಬರ್' ಎಂದು ಹೊಸ ಹೆಸರಿಟ್ಟು ಸಾಕಿಕೊಂಡಿದ್ದಾರೆ!

ಇನ್ನೊಂದು ಕೇಳಿ. ಬಹಳ ಕಾಲ ಬೆಳೆಗಾರ ತಾನು ಬೆಳೆದ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ! 1940ರ ದಶಕದಿಂದ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲ್‌ಗೇ ಹೋಗಬೇಕಿತ್ತು. ನಿಮ್ಮ ತೋಟದ್ದು, ನಮ್ಮ ತೋಟದ್ದು, ಎಲ್ಲ ಒಂದೇ ರಾಶಿ. 1990ರ ದಶಕದಲ್ಲಿ ಈ ಕಟ್ಟು ಒಂದೊಂದೇ ಸಡಿಲಾಗಿ 1996ರಲ್ಲಿ ಪೂರ್ತಿ ಬಿಚ್ಚಿತು. ಇಂದು ತೋಟದ ಹೆಸರು, ತಳಿಯ ಹೆಸರು ಬರೆದ ಪೊಟ್ಟಣ ನಿಮ್ಮ ಕೈಗೆ ಸಿಗುವುದು ಅದರಿಂದಲೇ. ಅಂಚೆಯಲ್ಲಿ ಕಾಗವಾಡಕ್ಕೂ ಬರುತ್ತದೆ!

ಮಳೆಗೆ ಒಡ್ಡಿದ ಕಾಳು ಕೆಡುತ್ತದೆ ಅಲ್ಲವೇ? ಕಾಫಿಯಲ್ಲಿ ಅದಕ್ಕೇ ಬೆಲೆ! ಹಿಂದೆ ಹಾಯಿಹಡಗಿನಲ್ಲಿ ಮಂಗಳೂರು ಕಡೆಯಿಂದ ಯುರೋಪಿಗೆ ಬೀಜ ಹೋಗಲು ತಿಂಗಳುಗಟ್ಟಲೆ ಬೇಕಿತ್ತು. ಸಮುದ್ರದ ಹಸಿ ಗಾಳಿಗೆ ಬೀಜ ಉಬ್ಬಿ ಹಳದಿಯಾಗುತ್ತಿತ್ತು, ಹುಳಿ ಇಳಿಯುತ್ತಿತ್ತು. ಅಲ್ಲಿನವರಿಗೆ ಅದೇ ರುಚಿ ಹಿಡಿಸಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು, ದಾರಿ ಮೊಟಕಾಯಿತು. ಬೀಜ ಹಸಿರಾಗಿಯೇ ತಲುಪಿತು. 'ನಮ್ಮ ಹಳೆಯ ಕಾಫಿ ಎಲ್ಲಿ?' ಎಂದರು ಗಿರಾಕಿಗಳು! ಆಮೇಲೆ ಕರಾವಳಿಯ ಗೋದಾಮುಗಳಲ್ಲಿ ಬೀಜ ಹರವಿ, ಬೇಕೆಂದೇ ಮುಂಗಾರಿನ ಗಾಳಿಗೆ ಒಡ್ಡತೊಡಗಿದರು. ಅದೇ ಇಂದಿನ 'ಮಾನ್ಸೂನ್ಡ್ ಮಲಬಾರ್'. ಹುಳಿ ಆಗದವರು ಮೊದಲು ಇದನ್ನು ಕುಡಿದು ನೋಡಿ.

ಹಸಿ ಬೀಜಕ್ಕೆ ಕಾಫಿಯ ವಾಸನೆಯೇ ಇಲ್ಲ! ಮೂಸಿದರೆ ಒಣಹುಲ್ಲಿನಂತೆ. ಆ ಘಮವೆಲ್ಲ ಹುರಿಯುವಾಗ ಹುಟ್ಟುವುದು. ಸುಮಾರು 200 ಡಿಗ್ರಿಗೆ ಬಂದಾಗ ಬೀಜ ಚಟ್ ಚಟ್ ಎಂದು ಸಿಡಿಯುತ್ತದೆ, ಥೇಟ್ ಪಂಚಮಿಗೆ ಜೋಳದ ಅರಳು ಹುರಿದ ಹಾಗೆ!

ಹುರಿದ ಬೀಜ ಉಸಿರು ಬಿಡುತ್ತದೆ ಎಂದರೆ ನಂಬುತ್ತೀರಾ? ಒಳಗೆ ಸಿಕ್ಕಿಬಿದ್ದ ಇಂಗಾಲದ ಡೈಆಕ್ಸೈಡ್ ದಿನಗಟ್ಟಲೆ ಹೊರಬರುತ್ತಲೇ ಇರುತ್ತದೆ. ಒಳ್ಳೆಯ ಪೊಟ್ಟಣದ ಮೇಲೆ ಗುಂಡಿಯಂಥ ಸಣ್ಣ ತೂತು ನೋಡಿದ್ದೀರಾ? ಅದು ಮೂಸಲಿಕ್ಕೆ ಇಟ್ಟದ್ದಲ್ಲ! ಒಳಗಿನ ಅನಿಲ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಅದಕ್ಕೆಂದೇ ಇರುವ ಒಮ್ಮುಖ ಬಾಗಿಲು ಅದು.

ಚಿಕೋರಿ ಕಾಫಿಯೇ ಅಲ್ಲ. ಅದೊಂದು ಗಿಡದ ಬೇರು! ಒಣಗಿಸಿ, ಹುರಿದು ಪುಡಿ ಮಾಡಿದ್ದು. ಕೆಫೀನ್ ಎಳ್ಳಷ್ಟೂ ಇಲ್ಲ. ಗುಜರಾತು, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ನಮ್ಮ ಕಾನೂನಿನಂತೆ ಬೆರಕೆ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರುವಂತಿಲ್ಲ. ಅಂದರೆ 49 ಪಾಲು ಬೇರಿನ ಪುಡಿ ಇದ್ದರೂ ಅದನ್ನು ಮಾರಬಹುದು! ಪಾಲು ಎಷ್ಟೆಂದು ಪೊಟ್ಟಣದ ಮೇಲೆ ಅಚ್ಚಾಗಿರಲೇಬೇಕು. ಅಕ್ಷರ ಸಣ್ಣದಿದ್ದರೂ ಓದಿ. 80:20 ನನಗೆ ಸರಿ ಎನಿಸುತ್ತದೆ. ಅರ್ಧಕ್ಕೆ ಬಂದರೆ ಕುಡಿಯುವುದು ಬಣ್ಣ ಮಾತ್ರ.

ಇನ್ನು ಸಾಮಾನಿನ ಮಾತು. ಸಾವಿರಾರು ರೂಪಾಯಿಯ ಯಂತ್ರ ಕೊಳ್ಳುವ ಮೊದಲು ನೀವು ನೋಡಬೇಕಾದದ್ದು ಯಾವುದು? ಪುಡಿ ಮಾಡುವ ಗಿರಣಿ! ಮಿಕ್ಸರಿನ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಕತ್ತರಿಸಿ ಚೂರು ಮಾಡುತ್ತದೆ. ಸ್ವಲ್ಪ ಹುಡಿ, ಸ್ವಲ್ಪ ತರಿ. ಹುಡಿಯಿಂದ ಕಹಿ ಇಳಿಯುತ್ತದೆ, ತರಿಯಿಂದ ರಸ ಪೂರ್ತಿ ಇಳಿಯದೆ ಹುಳಿ ಉಳಿಯುತ್ತದೆ. ಎರಡೂ ಒಂದೇ ಲೋಟದಲ್ಲಿ!

ಕಾಫಿಯ ಒಳ್ಳೆಯ ಕೈಗಿರಣಿಯೊಳಗೆ ಇರುವುದು ಏನು ಗೊತ್ತೇ? ನಮ್ಮ ಬೀಸುಕಲ್ಲೇ! ಎರಡು ಹಲ್ಲಿನ ಬಿಲ್ಲೆ, ನಡುವೆ ಒಂದು ಸಂದು. ಸಂದು ಕಿರಿದಾದರೆ ಹಿಟ್ಟು, ಹಿಗ್ಗಿದರೆ ನುಚ್ಚು. ರೊಟ್ಟಿಗೆ ಬೇರೆ, ಸಂಗಟಿಗೆ ಬೇರೆ ಬೀಸುತ್ತಿದ್ದ ಅಜ್ಜಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ನಮ್ಮ ಸ್ಟೀಲ್ ಫಿಲ್ಟರಿಗೆ ನಯವಾದ ಪುಡಿ ಬೇಕು, ಆದರೆ ಹಿಟ್ಟಿನಷ್ಟು ನಯ ಬೇಡ. ಬೆರಳ ನಡುವೆ ತಿಕ್ಕಿದರೆ ಸಣ್ಣ ಉಪ್ಪಿನಂತೆ ಹತ್ತಬೇಕು. ಜರಡಿ ಒತ್ತಿ ಸೋಸುವ ಗಾಜಿನ ಫ್ರೆಂಚ್ ಪ್ರೆಸ್ಸಿಗೆ ದಪ್ಪ ರವೆಯಂತೆ!

ಆ ಸ್ಟೀಲ್ ಫಿಲ್ಟರ್! ಕರೆಂಟು ಬೇಡ, ಕಾಗದ ಬೇಡ, ಒತ್ತಡ ಬೇಡ. ಭೂಮಿಯ ಸೆಳೆತ ಒಂದಿದ್ದರೆ ಸಾಕು. ನಮ್ಮೂರ ಭಾಂಡೆ ಅಂಗಡಿಯಲ್ಲಿ ಕೇಳಿ ನೋಡಿ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಒಂದೇ ಎಚ್ಚರ: ಇಬ್ಬರೇ ಇರುವ ಮನೆಗೆ ದೊಡ್ಡದು ಬೇಡ. ಅಗಲ ತಳದಲ್ಲಿ ಸ್ವಲ್ಪ ಪುಡಿ ಹರಡಿದರೆ ನೀರು ಭರ್ರನೆ ಇಳಿದುಹೋಗುತ್ತದೆ, ಡಿಕಾಕ್ಷನ್ ತೆಳ್ಳಗಾಗುತ್ತದೆ!

'ಹಾಕಿದ ನೀರೆಲ್ಲ ಎಲ್ಲಿ ಹೋಯಿತು?' ಎಂದು ಎಂದಾದರೂ ಅನಿಸಿದೆಯೇ? ಪುಡಿ ಕುಡಿದುಬಿಟ್ಟಿತು! ಒಂದು ಗ್ರಾಂ ಪುಡಿ ಸುಮಾರು ಎರಡು ಗ್ರಾಂ ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. 20 ಗ್ರಾಂ ಪುಡಿಗೆ 120 ಮಿ.ಲೀ. ನೀರು ಹಾಕಿದರೆ ಕೆಳಗೆ ಇಳಿಯುವುದು 80ರ ಆಸುಪಾಸು.

ಫಿಲ್ಟರಿನ ತೂತು ಕಟ್ಟಿಕೊಂಡಿತೇ? ಸೂಜಿ ಚುಚ್ಚಬೇಡಿ, ತೂತು ಹಿಗ್ಗುತ್ತದೆ. ಸ್ಟೀಲಿನದಾದರೆ ಮೇಲಿನ ಭಾಗವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ತೋರಿಸಿ. ಕಿಡಿ ಕಿಡಿಯಾಗಿ ಹಳೆಯ ಪುಡಿ ಉರಿದುಹೋಗುತ್ತದೆ. ಆರಿದ ಮೇಲೆ ತೊಳೆದು ಬೆಳಕಿಗೆ ಹಿಡಿಯಿರಿ, ತಳದ ತುಂಬ ನಕ್ಷತ್ರ! ಹಿತ್ತಾಳೆಯದಕ್ಕೆ ಮಾತ್ರ ಇದು ಬೇಡ, ಒಳಗಿನ ಕಲಾಯಿ ಕರಗುತ್ತದೆ. ಕಾಫಿಯಲ್ಲಿ ಹುಳಿಯ ಅಂಶ ಇರುವುದರಿಂದ ಕಲಾಯಿ ಇಲ್ಲದ ಹಿತ್ತಾಳೆ ಬಳಸಲೂಬಾರದು.

ಕಾಗದದಲ್ಲಿ ಕಾಫಿ ಸೋಸುವ ಉಪಾಯ ಹೊಳೆದದ್ದು ಒಬ್ಬ ಗೃಹಿಣಿಗೆ! 1908, ಜರ್ಮನಿಯ ಡ್ರೆಸ್ಡೆನ್. ಮೆಲಿಟ್ಟಾ ಬೆಂಟ್ಜ್ ಎಂಬಾಕೆ ಮಗನ ಶಾಲಾ ಪುಸ್ತಕದ ಒತ್ತುಕಾಗದ ಕಿತ್ತು, ತೂತು ಮಾಡಿದ ಹಿತ್ತಾಳೆ ಡಬ್ಬಿಯಲ್ಲಿಟ್ಟು ಸೋಸಿದರು. ಕೊಲೆಸ್ಟ್ರಾಲ್ ಏರಿಸಬಲ್ಲ ಕೆಫೆಸ್ಟಾಲ್ ಎಂಬ ಎಣ್ಣೆಯಂಶವೂ ಬಹುಪಾಲು ಕಾಗದದಲ್ಲೇ ನಿಂತುಬಿಡುತ್ತದೆ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ!

ಕಾಫಿಯನ್ನು ಒತ್ತಿ ಇಳಿಸುವ, ಏರೋಪ್ರೆಸ್ ಎಂಬ ಸಿರಿಂಜಿನಂಥ ಕೊಳವೆಯನ್ನು 2005ರಲ್ಲಿ ಮಾರುಕಟ್ಟೆಗೆ ತಂದವರು ಅಮೆರಿಕದ ಅಲನ್ ಆಡ್ಲರ್. ಮೊದಲು ಅವರಿಗೆ ಹೆಸರು ತಂದದ್ದು ಕಾಫಿ ಅಲ್ಲ, ಎಸೆದರೆ ಬಹುದೂರ ಹಾರುವ ಆಟದ ಬಳೆ!

ಕಪ್ಪು ಕಾಫಿಯಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಪಾಲು ಬರೀ ನೀರು! ಹಾಗಾದರೆ ನೀರು ಹೇಗಿರಬೇಕು? ಕೃಷ್ಣೆಯ ದಂಡೆಯ ಎಷ್ಟೋ ಬೋರ್‌ವೆಲ್‌ಗಳದು ಗಡಸು ನೀರು. ಚಹಾ ಕಾಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಆ ನೀರು ಕಾಫಿಯ ಸೊಗಸಾದ ಹುಳಿಯನ್ನೆಲ್ಲ ನುಂಗಿ ಸಪ್ಪೆ ಮಾಡುತ್ತದೆ. ಹಾಗೆಂದು ಲವಣವೆಲ್ಲ ತೆಗೆದ ಆರ್‌ಒ ನೀರೂ ಸರಿಯಲ್ಲ, ರಸ ಸರಿಯಾಗಿ ಇಳಿಯಲು ಅಲ್ಪಸ್ವಲ್ಪ ಲವಣ ಬೇಕೇ ಬೇಕು! ಎರಡನ್ನೂ ಬೆರೆಸಿ ನೋಡಿ. ಖರ್ಚಿಲ್ಲದ ಉಪಾಯ.

ನೀರು ಕುದಿ ಬಂದ ಕೂಡಲೇ ಸುರಿಯಬೇಡಿ. ಅರ್ಧ ನಿಮಿಷ ತಡೆದರೆ 95 ಡಿಗ್ರಿಯ ಹತ್ತಿರ ಬರುತ್ತದೆ. ಅಷ್ಟು ಸಾಕು.

ಆಕಳ ಹಾಲಿನಲ್ಲಿ ಕೊಬ್ಬು ನೂರಕ್ಕೆ 4ರ ಸುತ್ತ, ಎಮ್ಮೆಯದರಲ್ಲಿ 7ರ ಸುತ್ತ. ನಮ್ಮ ಕಡೆ ಮನೆಮನೆಯಲ್ಲೂ ಎಮ್ಮೆ ಹಾಲು. ಅದರಲ್ಲಿ ತೆಳು ಹುರಿಕೆಯ ದುಬಾರಿ ಆರೇಬಿಕಾ ಮುಳುಗಿಯೇ ಹೋಗುತ್ತದೆ! ಎಮ್ಮೆ ಹಾಲಿಗೆ ಎದೆಯೊಡ್ಡಿ ನಿಲ್ಲುವುದು ರೊಬಸ್ಟಾ ಬೆರೆತ, ಗಾಢವಾಗಿ ಹುರಿದ ಪುಡಿ. ಅಗ್ಗದ್ದೇ ಇಲ್ಲಿ ಗೆದ್ದಿತು ನೋಡಿ!

ಬೆಲ್ಲಕ್ಕೆ ನಮ್ಮಲ್ಲಿ ಬರವಿಲ್ಲ. ಆದರೆ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ ಎಂಬ ದೂರು. ಒಡೆಸುವುದು ಬೆಲ್ಲದ ಹುಳಿ ಮತ್ತು ಲವಣ. ಒಲೆಯ ಮೇಲೆ ಕುದಿಯುವ ಹಾಲಿಗೆ ಬೆಲ್ಲ ಹಾಕಲೇಬೇಡಿ. ಬಿಸಿ ಡಿಕಾಕ್ಷನ್ನಿನಲ್ಲಿ ಬೆಲ್ಲ ಕರಗಿಸಿ, ಕಾಸಿ ಇಳಿಸಿದ ಹಾಲನ್ನು ಮೇಲೆ ಸುರಿಯಿರಿ. ಬೆಲ್ಲ ಹೊಸದಾಗಿದ್ದರೆ ಸಾಮಾನ್ಯವಾಗಿ ಒಡೆಯದು!

ಕಾಫಿ ಪುಡಿ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮಿನ ಮುಂದೆ ಹಾದವರಿಗೆ ವಾಸನೆ ಬಟ್ಟೆಗೆ ಹತ್ತುವುದು ಗೊತ್ತು. ಫ್ರಿಜ್ಜಿನೊಳಗೂ ಅದೇ ಪಾಡು. ಬೆಳ್ಳುಳ್ಳಿ ಚಟ್ನಿಯ ಪಕ್ಕ ಇಟ್ಟ ಪುಡಿಯ ಕಾಫಿ ಕುಡಿದು ನೋಡಿ! ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಕತ್ತಲೆಯ ಮಾಡು, ಅಷ್ಟೇ ಸಾಕು.

ನಿಮ್ಮ ಪುಡಿ ತಾಜಾ ಇದೆಯೇ? ಕಂಡುಹಿಡಿಯಲು ಒಂದು ಚಮಚೆ ಬಿಸಿನೀರು ಸಾಕು. ಫಿಲ್ಟರಿನ ಪುಡಿಯ ಮೇಲೆ ಮೆಲ್ಲಗೆ ಹನಿಸಿ ಬಗ್ಗಿ ನೋಡಿ. ತಾಜಾ ಇದ್ದರೆ ಒಳಗಿನ ಅನಿಲ ಮೇಲೆದ್ದು, ಪುಡಿ ಹೋಳಿಗೆಯಂತೆ ಉಬ್ಬಿ ಬರುತ್ತದೆ! ಹಳೆಯದಾದರೆ ತೊಯ್ದ ಮಣ್ಣಿನಂತೆ ಕುಸಿದು ಕೂಡುತ್ತದೆ. ಮುಂದಿನ ಸಲ ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ಇದನ್ನು ಕೇಳಿ: 'ಇದನ್ನು ಹುರಿದದ್ದು ಯಾವ ತಾರೀಖಿಗೆ?'