ಆಪಾದಿತನಿಗೂ ಹಕ್ಕುಂಟು

ಈ ವಿಷಯವನ್ನು ವಾರ್ಷಿಕ ಸಂಚಿಕೆಗೆ ಆರಿಸಿಕೊಂಡೆನೆಂದು ತಿಳಿದಾಗ ಗೆಳೆಯರಲ್ಲಿ ಕೆಲವರು ಮುಖ ಸಿಂಡರಿಸಿದರು. ಹೆಣ್ಣಿನ ಮಾನಕ್ಕೆ ಕೈಹಾಕಿದನೆಂದು ದೂರು ಬಂದಮೇಲೆ ಅಂಥವನಿಗೆ ಹಕ್ಕಾದರೂ ಏತರದು ಎಂಬುದು ಅವರ ವಾದ. ಆದರೆ ದೂರು ಬೇರೆ, ಅಪರಾಧ ಬೇರೆ. ಇವೆರಡರ ನಡುವಿನ ದಾರಿಗೇ ತನಿಖೆ, ವಿಚಾರಣೆ ಎಂದು ಹೆಸರು. ಆ ದಾರಿಯನ್ನು ಕಾನೂನಿನಂತೆ ನಡೆಯದಿದ್ದರೆ ನಿರಪರಾಧಿ ಸೆರೆಮನೆ ಸೇರಬಹುದು. ನಿಜವಾದ ಅಪರಾಧಿಯು ತನಿಖೆಯ ಲೋಪವನ್ನೇ ಹಿಡಿದು ಬಿಡುಗಡೆ ಹೊಂದಿ, ನೊಂದವಳಿಗೆ ನ್ಯಾಯವೇ ದೊರೆಯದೆ ಹೋಗಬಹುದು.

ಗುಬ್ಬಿ, ಕುಣಿಗಲು ಕಡೆಯ ಹಳ್ಳಿಗಳಿಂದ ತುಮಕೂರಿಗೆ ಓದಲು ಬರುವ ನನ್ನಂಥವರ ಮನೆಗಳಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ವಿರಳ. ಹತ್ತಿದ್ದರೆ ಹೊಲದ ಬದುವಿನ ವ್ಯಾಜ್ಯಕ್ಕೆ. ಆದುದರಿಂದ ಇಂತಹ ದೂರು ಬಂದೊಡನೆ ಹಿರಿಯರಿಗೆ ಮೊದಲು ಹೊಳೆಯುವುದು ರಾಜಿ ಪಂಚಾಯಿತಿ. ಇದಕ್ಕಿಂತ ಅನರ್ಥಕಾರಿಯಾದ ಉಪಾಯ ಇನ್ನೊಂದಿಲ್ಲ. ಅತ್ಯಾಚಾರವು ರಾಜಿಯಿಂದ ಮುಗಿಯತಕ್ಕ ಅಪರಾಧವಲ್ಲ. ಆಪಾದಿತನ ಕಡೆಯ ನಾಲ್ಕು ಜನ ಫಿರ್ಯಾದಿಯ ಮನೆಯ ಜಗಲಿಯಲ್ಲಿ ಕುಳಿತರೆಂದರೆ, ಸಾಕ್ಷಿಯನ್ನು ಬೆದರಿಸಿದರೆಂಬ ಮಾತಿಗೆ ಎಡೆಯಾಗಿ ಜಾಮೀನಿಗೇ ಕುತ್ತು ಬರುತ್ತದೆ. ಹುಡುಗಿಗೆ 18 ವರ್ಷ ತುಂಬಿಲ್ಲದಿದ್ದರಂತೂ, 2012ರ ಪೋಕ್ಸೋ ಕಾಯಿದೆಯಂತೆ, ವಿಷಯ ತಿಳಿದೂ ವರದಿ ಮಾಡದಿರುವುದೇ ಅಪರಾಧ. ರಾಜಿ ಮಾಡಿಸಿದ ಯಜಮಾನರೂ ಸಿಕ್ಕಿಬೀಳಬಹುದು.

“ಇಬ್ಬರೂ ಒಪ್ಪಿದ್ದೆವು” ಎಂಬ ಮಾತು ಆ ವಯಸ್ಸಿನೊಳಗೆ ನಡೆಯುವುದಿಲ್ಲ. ಇಂತಹ ಹಲವು ಪ್ರಕರಣಗಳನ್ನು ಕಂಡು, 2022ರಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ವಯೋಮಿತಿಯನ್ನು ಮರುಪರಿಶೀಲಿಸಬೇಕೆಂದು ಕಾನೂನು ಆಯೋಗಕ್ಕೆ ಸೂಚಿಸಿತು. 9ನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಬೇಕೆಂದೂ ಹೇಳಿತು. ಆಯೋಗವು 2023ರ ತನ್ನ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದಿತು. ನಮ್ಮ ಹಾಸ್ಟೆಲುಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ ನಾನರಿಯೆ.

ಇನ್ನು ಠಾಣೆಯ ಮಾತು. 1924ರ ಜುಲೈ ಅಲ್ಲ, 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೆಸರು ಹೊಸದು, ಹಕ್ಕುಗಳು ಬಹುಮಟ್ಟಿಗೆ ಹಳೆಯವೇ. ಏಳು ವರ್ಷಕ್ಕೆ ಮೀರದ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿ ಅಗತ್ಯವಿಲ್ಲವೆಂದು ಕಂಡರೆ ಪೋಲೀಸರು ಹಾಜರಾಗುವಂತೆ ನೋಟೀಸು ಕೊಡಬೇಕು. ಅದನ್ನು ಕಂಡು ಊರು ಬಿಟ್ಟು ಓಡುವವನು ತಾನಾಗಿಯೇ ದಸ್ತಗಿರಿಗೆ ಕಾರಣ ಒದಗಿಸುತ್ತಾನೆ. ದಸ್ತಗಿರಿಯಾದಲ್ಲಿ ಅದರ ಕಾರಣವನ್ನು ಅವನಿಗೆ ಅರ್ಥವಾಗುವಂತೆ ತಿಳಿಸಬೇಕು. ತಿಳಿಸದ ದಸ್ತಗಿರಿ ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿದೆ. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಹೊತ್ತನ್ನು ಕಳೆದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಎಲ್ಲಕ್ಕಿಂತ ದೊಡ್ಡದು ಮೌನದ ಹಕ್ಕು. ಗುಬ್ಬಿ ವೀರಣ್ಣನವರ ಸೀಮೆಯವರಾದ ನಮಗೆ, ಕಡೆಯ ಅಂಕದಲ್ಲಿ ತಪ್ಪಿತಸ್ಥನು ಎಲ್ಲವನ್ನೂ ಒಪ್ಪಿಕೊಂಡು ಅಳುವುದೇ ನ್ಯಾಯವೆಂಬ ಭಾವನೆ. ಕಾನೂನು ಹಾಗೆ ಎಣಿಸುವುದಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾವ ಆಪಾದಿತನನ್ನೂ ಬಲಾತ್ಕರಿಸಕೂಡದೆಂದು ಸಂವಿಧಾನದ 20(3)ನೆಯ ವಿಧಿ ಹೇಳುತ್ತದೆ. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ರುಜುವಾತಿಗೆ ಬಳಸುವಂತಿಲ್ಲ. ಅದರಿಂದ ಯಾವುದಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗ ಮಾತ್ರ ಉಳಿಯುತ್ತದೆ. ಈ ಹಕ್ಕಿನ ಬಗೆಗೆ ಹೆಸರಾಂತ ತೀರ್ಪು ನಮ್ಮ ನಾಡಿನ ಪ್ರಕರಣದಲ್ಲಿಯೇ ಬಂದಿತು. ಮದ್ದು ಚುಚ್ಚಿ ಅರೆನಿದ್ರೆಯಲ್ಲಿ ಬಾಯಿಬಿಡಿಸುವ ನಾರ್ಕೋ ಪರೀಕ್ಷೆಗಳು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದುವು. 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಎಂಬ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಅಂತಹ ಪರೀಕ್ಷೆಯನ್ನಾಗಲಿ ಸುಳ್ಳುಪತ್ತೆ ಯಂತ್ರವನ್ನಾಗಲಿ ಬಳಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು.

ಆದರೆ ಮೌನವು ನಾಲಗೆಗೆ ಮಾತ್ರ, ದೇಹಕ್ಕಲ್ಲ. ಬೆರಳಚ್ಚು, ಕೈಬರಹಗಳನ್ನು ಕೊಡುವುದು ಸ್ವಸಾಕ್ಷ್ಯವಲ್ಲವೆಂದು 1961ರಲ್ಲಿಯೇ ತೀರ್ಪಾಗಿದೆ. ಅತ್ಯಾಚಾರದ ಆಪಾದಿತನನ್ನು ವೈದ್ಯರು ಪರೀಕ್ಷಿಸಿ ರಕ್ತ ಮುಂತಾದ ಮಾದರಿಗಳನ್ನು ತೆಗೆಯಬಹುದು. ಒಲ್ಲೆನೆಂದರೆ ಅಗತ್ಯವಾದಷ್ಟು ಬಲವನ್ನು ಕಾನೂನೇ ಅನುಮತಿಸುತ್ತದೆ. ನಿರಪರಾಧಿಗೆ ಇದು ಹಲವು ವೇಳೆ ವರವೇ ಆದೀತು. ಫೋನಿನಲ್ಲಿರುವ ಸಂದೇಶಗಳನ್ನು ಅಳಿಸಬಾರದು. ಗಾಬರಿಯಿಂದ ಅಳಿಸಿದವನು ಸಾಕ್ಷ್ಯನಾಶವೆಂಬ ಇನ್ನೊಂದು ಅಪರಾಧಕ್ಕೆ ಗುರಿಯಾಗುತ್ತಾನೆ, ತನ್ನ ಪರವಾಗಿದ್ದ ಮಾತನ್ನೂ ಕಳೆದುಕೊಳ್ಳುತ್ತಾನೆ. ಆಕೆಯ ಹೆಸರನ್ನು ವಾಟ್ಸಾಪಿನಲ್ಲಿ ಹರಡಿದರೆ ಎರಡು ವರ್ಷದವರೆಗೆ ಸಜೆಯುಂಟು. ನಮ್ಮ ಹಿಂದಿನವರು ಹೆಬ್ಬೆಟ್ಟು ಒತ್ತಿದರು. ನಾವು ರುಜು ಮಾಡಬಲ್ಲೆವು, ಆದುದರಿಂದ ಮಹಜರನ್ನು ಓದಿಯೇ ರುಜು ಮಾಡಬೇಕು, ಖಾಲಿ ಹಾಳೆಗೆ ಎಂದಿಗೂ ಕೂಡದು.

ಅತ್ಯಾಚಾರದ ತನಿಖೆಯನ್ನು ದೂರು ದಾಖಲಾದ ಎರಡು ತಿಂಗಳೊಳಗೆ ಮುಗಿಸಬೇಕೆಂದು ಸಂಹಿತೆ ಹೇಳುತ್ತದೆ. ಬಂಧನದಲ್ಲಿರುವವನ ಮೇಲೆ 90 ದಿನಗಳಲ್ಲಿ, ಹಗುರವಾದ ಅಪರಾಧಗಳಲ್ಲಿ 60 ದಿನಗಳಲ್ಲಿ, ದೋಷಾರೋಪಪಟ್ಟಿ ಬಾರದಿದ್ದರೆ ಜಾಮೀನು ಅವನ ಹಕ್ಕು; ಆದರೆ ಕೇಳಬೇಕು, ಪಟ್ಟಿ ಬರುವುದಕ್ಕೆ ಮುಂಚೆಯೇ ಕೇಳಬೇಕು. ನಿರೀಕ್ಷಣಾ ಜಾಮೀನು ಸಾಮಾನ್ಯವಾಗಿ ಬೇಡಬಹುದಾದರೂ 16 ವರ್ಷದೊಳಗಿನವಳ ಅತ್ಯಾಚಾರದ ಆಪಾದನೆಯಲ್ಲಿ ಆ ಬಾಗಿಲು ಮುಚ್ಚಿದೆ.

ವಕೀಲರ ಶುಲ್ಕಕ್ಕೆ ಹಣವೆಲ್ಲಿ ಎಂಬುದು ನಮ್ಮವರ ನಿಜವಾದ ಸಂಕಟ. ಹಸು ಮಾರುವುದಕ್ಕೆ ಮುಂಚೆ ಇದನ್ನು ತಿಳಿದಿರಬೇಕು: 1987ರ ಕಾನೂನು ಸೇವೆಗಳ ಕಾಯಿದೆಯಂತೆ ಬಂಧನದಲ್ಲಿರುವ ಯಾರಿಗಾದರೂ, ವರಮಾನ ಎಷ್ಟೇ ಇರಲಿ, ಉಚಿತ ವಕೀಲರುಂಟು. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ, ಗುಬ್ಬಿ ಮತ್ತು ಕುಣಿಗಲಿನ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳೂ ಇವೆ, ದೂರವಾಣಿ 15100. ದೂರಿತ್ತ ಹೆಣ್ಣುಮಗಳಿಗೂ ಇದೇ ಬಾಗಿಲು ತೆರೆದಿದೆ. ಅರ್ಜಿ ಬರೆಯಲು ಬಾರದವನು ಮೊದಲ ದಿನ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ “ನನಗೆ ವಕೀಲರಿಲ್ಲ, ಸ್ವಾಮಿ” ಎಂದು ಬಾಯಿಬಿಟ್ಟು ಹೇಳಿದರೂ ಸಾಕು.